ಗಿಫ್ಟ್ ಕಾರ್ಡ್ ಬೀರುವಿನಲ್ಲಿ ಕೊಳೆಯದಿರಲಿ

ಅಕ್ಕ ಉಡುಗೊರೆ ಕೊಟ್ಟಿದ್ದ 2,000 ರೂಪಾಯಿಯ ಬಟ್ಟೆ ಅಂಗಡಿಯ ಕಾರ್ಡ್ ನನ್ನ ಬೀರುವಿನಲ್ಲಿ, ಸೀರೆಯ ಮಡಿಕೆಯೊಳಗೇ ಅವಧಿ ಮುಗಿಸಿತು. ಆ ಸಂಕಟ ಇನ್ನೂ ಇದೆ. ಈಗ ಕಾರ್ಡ್ ಕೈಗೆ ಬಂದ ದಿನವೇ ಅದರ ಕೊನೆಯ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಶಾಯಿಯಿಂದ ಗುರುತಿಸುತ್ತೇನೆ.

ಕೊಳ್ಳುವಾಗ ಹಿಂಬದಿಯ ಪಿನ್ ಮುಚ್ಚಿರುವ ಬೂದು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ. ಉಗುರಿನಿಂದ ಕೆರೆದ ಗುರುತಿದ್ದರೆ ಬೇರೆ ಕಾರ್ಡ್ ಕೇಳಿ. ಬಿಲ್ ಜೋಪಾನ. ಬ್ಯಾಂಕಿನ ಗಿಫ್ಟ್ ಕಾರ್ಡ್‌ಗೆ ರಿಸರ್ವ್ ಬ್ಯಾಂಕ್ ನಿಯಮದಂತೆ ಗರಿಷ್ಠ ಮಿತಿ 10,000 ರೂಪಾಯಿ, ಕನಿಷ್ಠ ಅವಧಿ 1 ವರ್ಷ. ಅಂಗಡಿಯ ಸ್ವಂತ ಕಾರ್ಡ್‌ಗೆ ಆ ರಕ್ಷಣೆ ಇಲ್ಲ, ಷರತ್ತುಗಳನ್ನು ಓದಲೇಬೇಕು. ಬಳಸಿ ಉಳಿದ ಹಣ ಕಾರ್ಡ್‌ನಲ್ಲೇ ಇರುತ್ತದೆಯೇ ಎಂದು ಮುಖ್ಯವಾಗಿ ಕೇಳಿ.

ಮೇಲಧಿಕಾರಿಯ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಯಾರಾದರೂ ಕಾರ್ಡ್ ಸಂಖ್ಯೆ ಕೇಳಿದರೆ ಕೊಡಬೇಡಿ. ಕೊಟ್ಟುಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.