ಸೀರಮ್‌ನಲ್ಲಿ ಎಎಲ್‌ಟಿ ಕಿಣ್ವ ಅಳೆಯುವ ಕ್ರಮ

ಅಲನೀನ್‌ನ ಅಮೈನೊ ಗುಂಪನ್ನು ಕಳಚಿ 2-ಆಕ್ಸೋಗ್ಲುಟರೇಟ್‌ಗೆ ದಾಟಿಸುವುದು ಅಲನೀನ್ ಅಮೈನೊಟ್ರಾನ್ಸ್‌ಫರೇಸ್, ಅಂದರೆ ಎಎಲ್‌ಟಿ ಎಂಬ, ಯಕೃತ್ತು ಕೆಟ್ಟಾಗ ರಕ್ತದಲ್ಲಿ ಏರುವ ಕಿಣ್ವ. ಇದರಿಂದ ಪೈರುವೇಟ್ ಮತ್ತು ಗ್ಲುಟಮೇಟ್ ಹುಟ್ಟುತ್ತವೆ. ಇವನ್ನು ನೇರವಾಗಿ ಕಾಣುವುದು ಕಷ್ಟ. ಹಾಗಾಗಿ ಎಲ್‌ಡಿಎಚ್ ಎಂಬ ಇನ್ನೊಂದು ಕಿಣ್ವವನ್ನು ಜೊತೆಗೆ ಇಡುತ್ತೇವೆ. ಅದು ಪೈರುವೇಟನ್ನು ಲ್ಯಾಕ್ಟೇಟ್ ಮಾಡುವಾಗ ಎನ್‌ಎಡಿಎಚ್ ಎಂಬ ಸಹಕಿಣ್ವ ಖರ್ಚಾಗಿ, 340 ನ್ಯಾನೊಮೀಟರ್‌ನಲ್ಲಿ ಬೆಳಕಿನ ಹೀರುವಿಕೆ ಇಳಿಯುತ್ತದೆ. ಅಳೆಯುವುದು ಈ ಇಳಿತದ ವೇಗವನ್ನು.

ಮಿಶ್ರಣದ ಅಂತಿಮ ಸಾಂದ್ರತೆ ಲೀಟರಿಗೆ ಹೀಗಿರಲಿ: ಟ್ರಿಸ್ (ಪಿಎಚ್ ಕಾಯುವ ಬಫರ್) 100, ಎಲ್-ಅಲನೀನ್ 500, ಆಕ್ಸೋಗ್ಲುಟರೇಟ್ 15, ಎನ್‌ಎಡಿಎಚ್ 0.18, ಪಿರಿಡಾಕ್ಸಲ್ ಫಾಸ್ಫೇಟ್ 0.1 ಮಿಲಿಮೋಲ್, ಎಲ್‌ಡಿಎಚ್ 1700 ಯೂನಿಟ್. ಪಿಎಚ್ 37 ಡಿಗ್ರಿಯಲ್ಲಿ 7.15. ಟ್ರಿಸ್‌ನ ಪಿಎಚ್ ಡಿಗ್ರಿಗೆ ಸುಮಾರು 0.028ರಂತೆ ಇಳಿಯುತ್ತದೆ, 25 ಡಿಗ್ರಿಯಲ್ಲಿ ಹೊಂದಿಸುವವರು 7.5ರ ಹತ್ತಿರ ನಿಲ್ಲಿಸಬೇಕು. ಪಿರಿಡಾಕ್ಸಲ್ ಫಾಸ್ಫೇಟ್ ಬೇಡವೆಂದು ಉಳಿತಾಯ ಮಾಡಬೇಡಿ. ವಿಟಮಿನ್ ಬಿ6 ಕೊರತೆಯಿರುವವರ ಸೀರಮ್‌ನಲ್ಲಿ ಕಿಣ್ವವಿದ್ದರೂ ಅದರ ಸಹಕಿಣ್ವವಾದ ಈ ಫಾಸ್ಫೇಟ್ ಸಾಕಷ್ಟು ಇರುವುದಿಲ್ಲ, ಫಲಿತಾಂಶ ಸುಳ್ಳಾಗಿ ಕಡಿಮೆ ಬರುತ್ತದೆ.

ಆಕ್ಸೋಗ್ಲುಟರೇಟ್ ಬಿಟ್ಟು ಉಳಿದೆಲ್ಲ ಇರುವ ದ್ರಾವಣ 800 ಮೈಕ್ರೊಲೀಟರ್ ಕ್ಯುವೆಟ್‌ಗೆ (ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾರದರ್ಶಕ ಪಾತ್ರೆ) ಹಾಕಿ, 100 ಮೈಕ್ರೊಲೀಟರ್ ಸೀರಮ್ ಸೇರಿಸಿ, 37 ಡಿಗ್ರಿಯಲ್ಲಿ 5 ನಿಮಿಷ ಬಿಡಿ. ಸೀರಮ್‌ನಲ್ಲಿ ಮೊದಲೇ ಇದ್ದ ಪೈರುವೇಟ್ ಈ ಅವಧಿಯಲ್ಲಿ ತೀರಿಹೋಗಲಿ ಎಂದೇ ಈ ಕಾಯುವಿಕೆ. ಬಳಿಕ ಆಕ್ಸೋಗ್ಲುಟರೇಟ್ 200 ಮೈಕ್ರೊಲೀಟರ್ ಹಾಕಿ ಕಲಸಿ. ಮೊದಲ 90 ಸೆಕೆಂಡಿನ ಓದು ಬಿಟ್ಟು, ಮುಂದಿನ 3 ನಿಮಿಷ ಪ್ರತಿ ನಿಮಿಷಕ್ಕೂ ಬರೆದುಕೊಳ್ಳಿ.

1.080, 1.045, 1.010, 0.975 ಬಂತು ಎನ್ನಿ. ನಿಮಿಷಕ್ಕೆ ಇಳಿತ 0.035. ಒಟ್ಟು ಗಾತ್ರ 1.1 ಮಿಲಿಲೀಟರ್, ಮಾದರಿ 0.1, ಕ್ಯುವೆಟ್ ಅಗಲ 1 ಸೆಂಟಿಮೀಟರ್, ಎನ್‌ಎಡಿಎಚ್ ಬೆಳಕು ಹೀರುವ ಗುಣಾಂಕ 6.22 ಆದ್ದರಿಂದ ಗುಣಿಸುವ ಸಂಖ್ಯೆ 1768. ಉತ್ತರ ಲೀಟರಿಗೆ 62 ಯೂನಿಟ್. ಸೀರಮ್ ಬದಲು ನೀರು ಹಾಕಿದ ಕ್ಯುವೆಟ್ಟೂ ಸ್ವಲ್ಪ ಇಳಿದರೆ ಅಷ್ಟನ್ನು ಕಳೆಯಿರಿ. ಆ ನೀರಿನ ಕ್ಯುವೆಟ್ 1.1ರ ಆಸುಪಾಸಿನಲ್ಲಿ ಶುರುವಾಗಬೇಕು, 1.0ಕ್ಕಿಂತ ಕೆಳಗಿದ್ದರೆ ಎನ್‌ಎಡಿಎಚ್ ಹಾಳಾಗಿದೆ, ರಿಯೇಜೆಂಟ್ ಚೆಲ್ಲಿ.

ಎಲ್ಲಕ್ಕಿಂತ ಅಪಾಯಕಾರಿ ತಪ್ಪು ಕಣ್ಣಿಗೆ ಬೀಳದೆ ಹೋಗುವಂಥದ್ದು. ಎಎಲ್‌ಟಿ ಸಾವಿರಗಟ್ಟಲೆ ಇರುವ ಸೀರಮ್‌ನಲ್ಲಿ ಆ 90 ಸೆಕೆಂಡಿನೊಳಗೇ ಎನ್‌ಎಡಿಎಚ್ ಪೂರ್ತಿ ಖಾಲಿಯಾಗಬಹುದು. ಆಮೇಲೆ ಇಳಿಯಲು ಏನೂ ಉಳಿದಿರುವುದಿಲ್ಲ. ಯಂತ್ರ 5 ಎಂದೋ 10 ಎಂದೋ ತೋರಿಸುತ್ತದೆ, ಯಕೃತ್ತು ಕೆಟ್ಟವರ ವರದಿ ಸರಿಯಾಗಿಯೇ ಇದೆಯೆಂದು ಹೊರಬೀಳುತ್ತದೆ. ಹಾಗಾಗಿ ವೇಗದ ಜೊತೆ ಮೊದಲ ಓದನ್ನೂ ನೋಡಿ. ಅದು 0.2, 0.3ರಲ್ಲಿ ಬಿದ್ದಿದ್ದರೆ, ಅಥವಾ ನಿಮಿಷದ ಇಳಿತ 0.16 ದಾಟಿದರೆ, ಸೀರಮ್ಮನ್ನು ಉಪ್ಪುನೀರಿನ ಸಲೈನ್‌ನಲ್ಲಿ ಹತ್ತು ಪಟ್ಟು ತೆಳುಮಾಡಿ ಮತ್ತೆ ಅಳೆದು, ಬಂದದ್ದನ್ನು 10ರಿಂದ ಗುಣಿಸಿ. ಮೂರು ನಿಮಿಷದ ಮೂರು ಇಳಿತಗಳೂ ಹೆಚ್ಚುಕಡಿಮೆ ಸಮವಾಗಿರಬೇಕು, 0.060, 0.041, 0.022 ಎಂದು ಕುಗ್ಗುತ್ತ ಹೋದರೆ ಸರಾಸರಿ ತೆಗೆಯುವುದರಲ್ಲಿ ಅರ್ಥವಿಲ್ಲ.

ಕೆಂಪು ಛಾಯೆಯ ಸೀರಮ್ ಬೇಡ, ರಕ್ತಕಣಗಳೊಳಗಿನ ಎಎಲ್‌ಟಿ ಸೇರಿಕೊಳ್ಳುತ್ತದೆ. ಆ ದಿನವೇ ಅಳೆಯಲಾಗದಿದ್ದರೆ 2ರಿಂದ 8 ಡಿಗ್ರಿಯಲ್ಲಿಡಿ. ಮೈನಸ್ 20ರಲ್ಲಿ ಹೆಪ್ಪುಗಟ್ಟಿಸಿದರೆ ಎಎಲ್‌ಟಿ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ದೀರ್ಘಕಾಲಕ್ಕೆ ಮೈನಸ್ 70 ಬೇಕು.