ಒಂದೇ ಮಾಡೆಲ್ ಕಾರ್ಡು, ಎರಡು ಹಣೆಬರಹ

ನನ್ನ ಹತ್ತಿರ ಒಂದೇ ಮಾಡೆಲ್‌ನ ಎರಡು ಗ್ರಾಫಿಕ್ಸ್ ಕಾರ್ಡ್ ಇದ್ದವು. ಜಿಡಿಡಿಆರ್5 ಎಂಬ ಬಗೆಯ 8 ಜಿಬಿ ಮೆಮೊರಿ, 256 ಬಿಟ್ ಬಸ್ (ಮೆಮೊರಿಗೂ ಕಾರ್ಡಿನ ಮುಖ್ಯ ಚಿಪ್ ಆದ ಜಿಪಿಯುಗೂ ನಡುವಿನ ದಾರಿಯ ಅಗಲ), ಡಬ್ಬಿಯ ಮೇಲಿನ ಬರಹದಲ್ಲೂ ಒಂದಕ್ಷರ ವ್ಯತ್ಯಾಸವಿಲ್ಲ. ಮೊದಲನೆಯದರ ಮೆಮೊರಿ ವೇಗವನ್ನು ಆಫ್ಟರ್‌ಬರ್ನರ್‌ನಲ್ಲಿ (ಕಾರ್ಡಿನ ವೇಗ ಹೆಚ್ಚಿಸುವ ತಂತ್ರಾಂಶ) ಮೂಲ ವೇಗಕ್ಕಿಂತ +600 ಮೆಗಾಹರ್ಟ್ಸ್ ತನಕ ಏರಿಸಿದರೂ ತಕರಾರಿಲ್ಲದೆ ಓಡಿತು. ಅದೇ ಧೈರ್ಯದಲ್ಲಿ ಎರಡನೆಯದಕ್ಕೂ +600 ಕೊಟ್ಟೆ. ಪರದೆ ತುಂಬ ಚದುರಂಗದ ಮಣೆಯಂಥ ಚೌಕಗಳು, ಆಮೇಲೆ ಬರೀ ಕತ್ತಲೆ. ಇಳಿಸುತ್ತಾ ಇಳಿಸುತ್ತಾ +250ಕ್ಕೆ ಬಂದರೂ ಅದು ನೆಟ್ಟಗೆ ನಿಲ್ಲಲಿಲ್ಲ.

ಕಾರ್ಡೇ ಕೆಟ್ಟಿದೆ ಅಂದುಕೊಂಡೆ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ಮೆಮೊರಿ ಸಾಲು ನೋಡಿದಾಗ ಗುಟ್ಟು ಗೊತ್ತಾಯಿತು: ಎರಡರ ಮೆಮೊರಿ ಚಿಪ್ ತಯಾರಿಸಿದವರೇ ಬೇರೆ ಬೇರೆ. ಸ್ಯಾಮ್‌ಸಂಗ್, ಮೈಕ್ರಾನ್, ಹೈನಿಕ್ಸ್ ಮೂವರೂ ಈ ಚಿಪ್ ಮಾಡುತ್ತಿದ್ದರು. ಯಾರ ಚಿಪ್ ಕೂತರೂ ಕಾರ್ಡಿನ ಹೆಸರು ಅದೇ. ಎಲ್ಲ ಚಿಪ್‌ಗೂ ಡಬ್ಬಿಯಲ್ಲಿ ಬರೆದ ವೇಗದ ಖಾತರಿ ಇರುತ್ತದೆ, ಅದರಾಚೆಗೆ ಎಷ್ಟು ಹೋಗುತ್ತದೆ ಎಂಬುದಕ್ಕೆ ಯಾರೂ ಹೊಣೆಯಲ್ಲ.

ಇಲ್ಲಿ ಅಂಕಿಗಳ ಗೊಂದಲವನ್ನೂ ಹೇಳಿಬಿಡುತ್ತೇನೆ, ನಾನೇ ಎಷ್ಟೋ ದಿನ ತಲೆ ಕೆಡಿಸಿಕೊಂಡಿದ್ದೆ. ಆ ಕಾರ್ಡಿನ ಮೆಮೊರಿ ವೇಗವನ್ನು ಜಿಪಿಯು-ಝಡ್ 2002 ಎನ್ನುತ್ತದೆ, ಆಫ್ಟರ್‌ಬರ್ನರ್ 4004 ಎನ್ನುತ್ತದೆ, ಡಬ್ಬಿ 8 ಗಿಗಾಬಿಟ್ ಎನ್ನುತ್ತದೆ. ಮೂರೂ ಒಂದೇ, ಅದೇ ವೇಗವನ್ನು ಒಬ್ಬರು ಇಮ್ಮಡಿಯಾಗಿ, ಇನ್ನೊಬ್ಬರು ನಾಲ್ಮಡಿಯಾಗಿ ಎಣಿಸಿದ್ದಷ್ಟೇ. ಆಫ್ಟರ್‌ಬರ್ನರ್‌ನ +500 ಅಂದರೆ ಪ್ರತಿ ಪಿನ್‌ಗೆ ಸೆಕೆಂಡಿಗೆ 9 ಗಿಗಾಬಿಟ್, ಬ್ಯಾಂಡ್‌ವಿಡ್ತ್ 256ರಿಂದ 288 ಜಿಬಿಗೆ ಏರಿದಂತೆ. ಇದು ಗೊತ್ತಿಲ್ಲದೆ ಬೇರೆ ಲೆಕ್ಕದಲ್ಲಿ ಹೇಳಿದ ಇನ್ನೊಬ್ಬರ +1000 ನೋಡಿ ಹೊಟ್ಟೆ ಉರಿದುಕೊಳ್ಳುವುದು ದಂಡ.

ಎರಡನೇ ಕಾರ್ಡಿನ ವಿಚಿತ್ರವೆಂದರೆ ಅದು ಆಟದ ಮಧ್ಯೆ ಕೈ ಕೊಡುತ್ತಿರಲಿಲ್ಲ, ಆಟ ತೆರೆದ ಕ್ಷಣದಲ್ಲೇ ಬೀಳುತ್ತಿತ್ತು. ಸುಮ್ಮನಿದ್ದಾಗ ಮೆಮೊರಿ ತೀರಾ ಕಡಿಮೆ ವೇಗದಲ್ಲಿರುತ್ತದೆ, ಕೆಲಸ ಬಂತೆಂದರೆ ಒಮ್ಮೆಗೇ ತುದಿಗೆ ಜಿಗಿಯುತ್ತದೆ, ವೋಲ್ಟೇಜೂ ಅದರ ಜೊತೆಜೊತೆಗೇ ಏರಬೇಕು. ಆ ಜಿಗಿತದಲ್ಲೇ ಅದು ಮುಗ್ಗರಿಸುತ್ತಿತ್ತು. ಕಾರ್ಡ್ ತಯಾರಕರು ಕೊಟ್ಟ ಹೊಸ ಬಯೋಸ್ (ಕಾರ್ಡಿನೊಳಗೇ ಇರುವ ಮೂಲ ತಂತ್ರಾಂಶ) ಹಾಕಿದ ಮೇಲೆ ಅದೇ ಕಾರ್ಡು +450ರಲ್ಲಿ ನಿಂತಿತು. ಚಿಪ್ ಬದಲಾಗಿರಲಿಲ್ಲ, ತಂತಿ ಬದಲಾಗಿರಲಿಲ್ಲ. ಯಾವ ಚಿಪ್‌ಗೆ ಎಷ್ಟು ಟೈಮಿಂಗ್ (ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಕಾಯುವ ಅವಧಿ), ಯಾವ ವೇಗಕ್ಕೆ ಎಷ್ಟು ವೋಲ್ಟೇಜ್ ಎಂಬ ಪಟ್ಟಿ ಬಯೋಸ್‌ನೊಳಗೇ ಇರುತ್ತದೆ. ಎಲ್ಲವನ್ನೂ ‘ಅದೃಷ್ಟ’ದ ತಲೆಗೆ ಕಟ್ಟುವುದನ್ನು ಅವತ್ತಿಗೆ ಬಿಟ್ಟೆ.

ಹಾಗಂತ ಅದೃಷ್ಟ ಇಲ್ಲವೇ ಇಲ್ಲ ಎಂದಲ್ಲ. 256 ಬಿಟ್ ಕಾರ್ಡಿನಲ್ಲಿ 32 ಬಿಟ್‌ನ 8 ಚಿಪ್ ಇರುತ್ತವೆ, ಎಲ್ಲಕ್ಕೂ ಒಂದೇ ಕ್ಲಾಕ್. ಏಳು ಚಿಪ್ ಓಡಲು ತಯಾರಿದ್ದು ಒಂದು ಕುಂಟಿದರೆ ಇಡೀ ಕಾರ್ಡು ಆ ಕುಂಟನ ನಡಿಗೆಯಲ್ಲೇ ನಡೆಯಬೇಕು. ಚಿಪ್ ಸಂಖ್ಯೆ ಹೆಚ್ಚಿದಷ್ಟೂ ಅವುಗಳಲ್ಲೊಂದು ಕುಂಟ ಇರುವ ಸಾಧ್ಯತೆಯೂ ಹೆಚ್ಚು. ಜಿಪಿಯು ಒಳಗಿನ ಮೆಮೊರಿ ಕಂಟ್ರೋಲರ್, ಬೋರ್ಡಿನ ಮೇಲಿನ ಗೆರೆಗಳು, ವಿದ್ಯುತ್ ಪೂರೈಕೆಯ ಶುದ್ಧತೆ, ಇವೂ ಲೆಕ್ಕಕ್ಕೆ ಬರುತ್ತವೆ. ಜೊತೆಗೆ ತಯಾರಕರು ಎಲ್ಲಿಂದ ಶುರು ಮಾಡಿದ್ದಾರೆ ಅನ್ನುವುದೂ ಇದೆ. ಆರ್‌ಟಿಎಕ್ಸ್ 2080 ಸೂಪರ್ ಕಾರ್ಡಿನಲ್ಲಿ 16 ಗಿಗಾಬಿಟ್ ವೇಗದ ಚಿಪ್ ಹಾಕಿ 15.5ರಲ್ಲಿ ಓಡಿಸಿದ್ದರು, ಅಲ್ಲಿ ಮೊದಲ ಅರ್ಧ ಗಿಗಾಬಿಟ್ ಚಿಪ್‌ನ ಸ್ವಂತ ವೇಗವೇ.

ಆಮೇಲೆ ಜಿಡಿಡಿಆರ್6ಎಕ್ಸ್ ಎಂಬ ಬಗೆಯ ಮೆಮೊರಿ ಇರುವ ಕಾರ್ಡು ಬಂತು. +1200 ಕೊಟ್ಟೆ, ಚೌಕವಿಲ್ಲ, ಮಿಂಚಿಲ್ಲ, ಕ್ರ್ಯಾಶ್ ಇಲ್ಲ. ಬೀಗಿಬಿಟ್ಟೆ. ಎರಡು ದಿನವಾದ ಮೇಲೆ ವೇಗ ಅಳೆಯುವ ಬೆಂಚ್‌ಮಾರ್ಕ್ ಓಡಿಸಿ ನೋಡಿದರೆ ಅಂಕ +500ರಲ್ಲಿ ಬಂದದ್ದಕ್ಕಿಂತ ಕಡಿಮೆ! ಈ ಮೆಮೊರಿ ಪ್ರತಿ ಸಂಕೇತದಲ್ಲೂ ಎರಡರ ಬದಲು ನಾಲ್ಕು ವೋಲ್ಟೇಜ್ ಮಟ್ಟ ಬಳಸುತ್ತದೆ. ಮಟ್ಟಗಳ ನಡುವಿನ ಅಂತರ ಕಿರಿದಾಗಿ ಸಣ್ಣ ಗದ್ದಲಕ್ಕೂ ತಪ್ಪು ನುಸುಳುತ್ತದೆ. ತಪ್ಪು ಕಂಡರೆ ಕಾರ್ಡು ಸದ್ದಿಲ್ಲದೆ ಅದೇ ಡೇಟಾವನ್ನು ಮತ್ತೆ ಕಳಿಸುತ್ತದೆ, ಸಮಯ ಅಲ್ಲೇ ಸೋರುತ್ತದೆ. ಅಂದಿನಿಂದ 100-100ರಂತೆ ಏರಿಸುತ್ತಾ ಪ್ರತಿ ಹಂತದ ಅಂಕವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಆ ಕಾರ್ಡಿನ ಶಿಖರ +700ರಲ್ಲಿತ್ತು.

ಅದೂ ತಣ್ಣಗಿದ್ದಾಗ ಮಾತ್ರ. ಐದು ನಿಮಿಷದ ಪರೀಕ್ಷೆಯಲ್ಲಿ ಪಾಸಾದದ್ದು ಅರ್ಧ ಗಂಟೆಗೆ ಸೋಲುತ್ತಿತ್ತು. ಬಿಸಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಮೆಮೊರಿಯ ಬಿಸಿ 104 ಡಿಗ್ರಿ. 110 ಮುಟ್ಟಿದರೆ ಕಾರ್ಡು ತಾನಾಗಿಯೇ ವೇಗ ತಗ್ಗಿಸುತ್ತದೆ. ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ (ಬಿಸಿ ಹೊರಹಾಕುವ ಲೋಹದ ಭಾಗ) ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್ ಬದಲಿಸಲು ಹೊರಟೆ. ದಪ್ಪವಿದ್ದಷ್ಟೂ ಒಳ್ಳೆಯದೆಂದು 1 ಮಿ.ಮೀ. ಬೇಕಾದ ಜಾಗಕ್ಕೆ 1.5 ಹಾಕಿದೆ. ಹೀಟ್‌ಸಿಂಕ್ ಎತ್ತಿಕೊಂಡು ಜಿಪಿಯುಗೆ ಸರಿಯಾಗಿ ತಾಗಲಿಲ್ಲ, ಅದರ ಬಿಸಿ 12 ಡಿಗ್ರಿ ಏರಿತು. ಇಷ್ಟು ಪೆದ್ದುತನ ಇನ್ನೊಬ್ಬರಲ್ಲಿ ಕಂಡಿದ್ದರೆ ನಕ್ಕಿರುತ್ತಿದ್ದೆ. ಪೂರಾ ಬಿಚ್ಚಿ, ಹಳೆಯ ಪ್ಯಾಡಿನ ದಪ್ಪ ಅಳೆದು, ಮತ್ತೆ ಕೂರಿಸಿದಾಗ ಮೆಮೊರಿ 86ಕ್ಕೆ ಇಳಿಯಿತು. ಶಿಖರ +850ಕ್ಕೆ ಸರಿಯಿತು. ಈಗ ಅದನ್ನು +750ರಲ್ಲಿ ಬಿಟ್ಟಿದ್ದೇನೆ, ಸೆಕೆಯ ದಿನಗಳಿಗೆಂದು 100 ಕೈಯಲ್ಲಿಟ್ಟುಕೊಂಡು.