ದಸರೆಗೆ ರೂಮು: ಮುಂಗಡ ಕೊಡುವ ಮುನ್ನ

2023ರ ದಸರೆಗೆ ಶಿವಮೊಗ್ಗದಿಂದ ಬರಬೇಕಿದ್ದ ಚಿಕ್ಕಮ್ಮನ ಮನೆಯವರಿಗಾಗಿ ಮೈಸೂರಿನ ಬಸ್ ನಿಲ್ದಾಣದ ಬಳಿಯ ಒಂದು ಲಾಡ್ಜಿನಲ್ಲಿ ಎರಡು ರೂಮು ಹೇಳಿದ್ದೆವು. ಮಾತುಕತೆಯೂ ಫೋನಿನಲ್ಲೇ, ಚಿಕ್ಕಮ್ಮ ನಾಲ್ಕು ಸಾವಿರ ರೂಪಾಯಿ ಅಡ್ವಾನ್ಸ್ ಕಳಿಸಿದ್ದೂ ಫೋನಿನಲ್ಲೇ. ಚಿಕ್ಕಪ್ಪನಿಗೆ ಹುಷಾರು ತಪ್ಪಿದ್ದರಿಂದ ಹನ್ನೆರಡು ದಿನ ಮೊದಲೇ ರೂಮು ಬೇಡವೆಂದು ತಿಳಿಸಿದೆವು. ಹಣ ಕೇಳಲು ನಾನೇ ಹೋದಾಗ ಕೌಂಟರಿನಲ್ಲಿದ್ದವರು ಮಾತನಾಡಲಿಲ್ಲ. ಗಾಜಿನ ಒಳಬದಿಗೆ ಅಂಟಿಸಿದ್ದ ಹಾಳೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು: ‘ದಸರಾ ಬುಕಿಂಗ್, ಅಡ್ವಾನ್ಸ್ ವಾಪಸ್ ಇಲ್ಲ’. ಶಿವಮೊಗ್ಗದಲ್ಲಿ ಕುಳಿತು ಹಣ ಕಳಿಸಿದವರಿಗೆ ಆ ಹಾಳೆ ಕಾಣುವುದಾದರೂ ಹೇಗೆ?

ಮುಂಗಡ ಕೇಳುವುದು ತಪ್ಪಲ್ಲ. ಜಂಬೂ ಸವಾರಿಯ ರಾತ್ರಿ ಖಾಲಿ ಉಳಿದ ರೂಮನ್ನು ಮರುದಿನ ಮಾರಲಾಗದು, ಹೋಟೆಲಿನವರ ಆ ಕಷ್ಟ ನಿಜವಾದದ್ದು. ಆದರೆ ಷರತ್ತನ್ನು ಹಣ ಪಡೆಯುವ ಮೊದಲು ಹೇಳಬೇಕು, ನಂತರವಲ್ಲ.

ಮೊದಲು ಫೋನ್ ನಂಬರನ್ನೇ ಪರೀಕ್ಷಿಸಿ. ಹೋಟೆಲುಗಳ ಹೆಸರಿನಲ್ಲಿ ನಕಲಿ ಜಾಲತಾಣ, ನಕಲಿ ನಂಬರು ಹಾಕಿ ಮುಂಗಡ ದೋಚುವವರಿದ್ದಾರೆ. ಮೈಸೂರಿನಲ್ಲಿ ನೆಂಟರೋ ಸ್ನೇಹಿತರೋ ಇದ್ದರೆ ಹೋಟೆಲಿನ ಬಾಗಿಲಿಗೇ ಹೋಗಿ ಕೇಳಿ ಬರಲಿ. ಯುಪಿಐ ಮೂಲಕ ಕಳಿಸುವಾಗ ಪಿನ್ ಒತ್ತುವ ಮೊದಲು ಪರದೆಯ ಮೇಲೆ ಬರುವ ಹೆಸರನ್ನು ಓದಿ. ಹೋಟೆಲಿನ ಹೆಸರಿಗೆ ಬದಲು ಯಾರದೋ ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸಿ, ವಿಚಾರಿಸಿ. ‘ಹಣ ವಾಪಸ್ ಮಾಡುತ್ತೇವೆ, ಪಿನ್ ಹಾಕಿ’ ಎಂದರೆ ಅದು ಮೋಸವೇ. ಹಣ ಪಡೆಯಲು ಪಿನ್ ಬೇಕಿಲ್ಲ. ಮೋಸ ಹೋದದ್ದು ಗೊತ್ತಾದ ಕೂಡಲೇ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಮೇಲೆ ತಾರೀಖು. ‘ವಿಜಯದಶಮಿಗೆ ಎರಡು ದಿನ’ ಎಂದು ಹೇಳಿ ಸುಮ್ಮನಾಗಬೇಡಿ. ಹಬ್ಬ ಪಂಚಾಂಗದಂತೆ ನಡೆಯುತ್ತದೆ: 2023ರಲ್ಲಿ ವಿಜಯದಶಮಿ ಬಂದದ್ದು ಅಕ್ಟೋಬರ್ 24ಕ್ಕೆ, 2024ರಲ್ಲಿ 12ಕ್ಕೆ, 2025ರಲ್ಲಿ 2ಕ್ಕೆ. ಒಳಗೆ ಹೋಗುವ ದಿನ, ಗಂಟೆ, ಖಾಲಿ ಮಾಡುವ ದಿನ, ಗಂಟೆ ಎಲ್ಲವನ್ನೂ ಬಿಡಿಸಿ ಹೇಳಿ. ರಾತ್ರಿ ರೈಲಿನಲ್ಲಿ ಬೆಳಗಿನ ಜಾವ ಬಂದಿಳಿಯುವವರು ಇಲ್ಲಿ ಹೆಚ್ಚು ಎಡವುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ದಿನ ಶುರುವಾಗುವ ಹೋಟೆಲಾದರೆ ಬೆಳಗಿನ ನಾಲ್ಕಕ್ಕೆ ರೂಮು ಬೇಕೆನ್ನುವವರು ಹಿಂದಿನ ದಿನದ ಬಾಡಿಗೆಯನ್ನೂ ಕೊಡಬೇಕಾಗಬಹುದು. ‘24 ಗಂಟೆ ಚೆಕ್‌ಔಟ್’ ಇರುವ ಕಡೆ ಈ ತೊಡಕಿಲ್ಲ.

ಇನ್ನು ಹಣದ ಮಾತು. ಮುಂಗಡ ಬೇರೆ, ಠೇವಣಿ ಬೇರೆ. ಮುಂಗಡ ಬಾಡಿಗೆಯಲ್ಲಿ ವಜಾ ಆಗುತ್ತದೆ. ಠೇವಣಿ ರೂಮು ಬಿಡುವಾಗ ಕೈಗೆ ಮರಳಬೇಕು. ಎರಡನ್ನೂ ‘ಅಡ್ವಾನ್ಸ್’ ಎಂದೇ ಕರೆಯುವುದರಿಂದ ಜಗಳ ಹುಟ್ಟುತ್ತದೆ. ಹಣ ಹಾಕುವ ಮುನ್ನ ಹೋಟೆಲಿಗೆ ಹೀಗೊಂದು ವಾಟ್ಸ್ಆ್ಯಪ್ ಸಂದೇಶ ಕಳಿಸಿ:

‘ಅಕ್ಟೋಬರ್ ಇಷ್ಟನೇ ತಾರೀಖು ಮಧ್ಯಾಹ್ನದಿಂದ ಎರಡು ರಾತ್ರಿಗೆ ಎರಡು ರೂಮು. ತೆರಿಗೆ ಸೇರಿ ಒಟ್ಟು ಬಾಡಿಗೆ ಇಷ್ಟು. ಈಗ ಕೊಡುವ ಮುಂಗಡ ಇಷ್ಟು, ಬಿಲ್ಲಿನಲ್ಲಿ ವಜಾ ಆಗುತ್ತದೆ. ಇಂಥ ತಾರೀಖಿನೊಳಗೆ ರದ್ದು ಮಾಡಿದರೆ ಪೂರ್ತಿ ವಾಪಸ್, ಆಮೇಲಾದರೆ ಇಷ್ಟು ಕಡಿತ. ಸರಿಯೇ?’

‘ಸರಿ’ ಎಂಬ ಉತ್ತರ ಬರುವವರೆಗೆ ಹಣ ಹಾಕಬೇಡಿ. ಆ ಒಂದು ಪದ ನಮ್ಮ ಕೈಯಲ್ಲಿ ಇರಲಿಲ್ಲ, ಹಣ ಕಳಿಸಿದ ಪರದೆಯ ಚಿತ್ರ ಮಾತ್ರ ಇತ್ತು.

ಹಣ ಹೋದ ಮೇಲೆ ರಸೀದಿ ಕೇಳಿ. ಜಿಎಸ್‌ಟಿ ನೋಂದಣಿ ಇರುವ ಹೋಟೆಲು ಮುಂಗಡಕ್ಕೆ ರಸೀದಿ ಕೊಡಲೇಬೇಕೆಂದು ಕಾನೂನೇ ಹೇಳುತ್ತದೆ. ಸಂಕೋಚಪಡುವ ಅಗತ್ಯವಿಲ್ಲ.

ರದ್ದು ಮಾಡುವುದಾದರೆ ಫೋನಿನಲ್ಲಿ ಹೇಳಿ, ಬರೆದೂ ಕಳಿಸಿ. ಪೂರ್ತಿ ಮುಂಗಡ ಮುಟ್ಟುಗೋಲು ಎಂದರೆ ಒಪ್ಪಿ ಸುಮ್ಮನಾಗಬೇಡಿ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ನಿನ ಪ್ರಕಾರ ಕರಾರು ಮುರಿದವರಿಂದ ಪಡೆಯಬಹುದಾದದ್ದು ನ್ಯಾಯಯುತ ಪರಿಹಾರ ಮಾತ್ರ. ನೀವು ಬಿಟ್ಟ ರೂಮು ಅದೇ ದಿನಕ್ಕೆ ಬೇರೆಯವರಿಗೆ ಹೋಗಿದ್ದರೆ ನಷ್ಟವೇನಾಯಿತೆಂದು ಧೈರ್ಯವಾಗಿ ಕೇಳಿ. ಆದ ನಷ್ಟಕ್ಕೆ ತೀರಾ ಮೀರಿದ ದಂಡ ಹಾಕುವ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನ್ಯಾಯದ ಕರಾರು’ಗಳ ಸಾಲಿಗೆ ಸೇರಿಸಿದೆ.

ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಹೋಟೆಲು ಮೈಸೂರಿನದಾದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಚಿಕ್ಕಮ್ಮ ಶಿವಮೊಗ್ಗದಲ್ಲೇ ದೂರು ಕೊಡಬಹುದಿತ್ತೆಂದು ನಮಗೆ ತಿಳಿದಾಗ ಆ ಎರಡು ವರ್ಷ ಕಳೆದುಹೋಗಿತ್ತು.